ಬೇರು ಬಿಟ್ಟು ಕಡಿದ ಜಾಲಿ

ನಾವು ಆ ಊರಿಗೆ ಹೋಗುವ ಮೊದಲೇ ಅಲ್ಲಿ ಒಂದು ಸಲ ಸೋತಾಗಿತ್ತು. ಹಿಂದಿನ ಬೇಸಿಗೆಯಲ್ಲಿ ಊರವರು ಜೆಸಿಬಿ ತರಿಸಿ, ಕೆರೆಯಂಗಳದ ಬಳ್ಳಾರಿ ಜಾಲಿಯನ್ನೆಲ್ಲ ದೂಡಿಸಿ, ಮೂಲೆಗೆ ಗುಡ್ಡೆ ಹಾಕಿಸಿ, ಬೆಂಕಿ ಕೊಟ್ಟಿದ್ದರು. ಬಯಲಾದ ಅಂಗಳ ನೋಡಿ ಎಲ್ಲರಿಗೂ ಖುಷಿಯಾಗಿತ್ತಂತೆ. ಆ ಮಳೆಗಾಲ ಕಳೆಯುವ ಹೊತ್ತಿಗೆ ಒಂದು ಬುಡವಿದ್ದಲ್ಲಿ ಐದಾರು ಕವಲು ಎದ್ದು ನಿಂತಿದ್ದವು. ಯಂತ್ರದ ಹಲ್ಲು ಗಿಡ ಮುರಿದಿತ್ತು, ಬುಡ ಮುಟ್ಟಿರಲಿಲ್ಲ. ನಾನು ಮೊದಲ ಸಲ ಹೋದಾಗ ಕೆರೆ ಸಮಿತಿಯ ಅಧ್ಯಕ್ಷರು ಏರಿಯ ಮೇಲೆ ನಿಂತು ಕೈ ತೋರಿಸಿ, "ನೋಡ್ರಿ ಮೇಡಂ, ಇದು ನಾವೇ ದುಡ್ಡು ಕೊಟ್ಟು ಬೆಳೆಸಿದ ಕಾಡು" ಎಂದು ನಕ್ಕರು. ನಗುವಿನಲ್ಲಿ ಬೇಸರವೇ ಹೆಚ್ಚಿತ್ತು.

ಕೆರೆ, ಹಳ್ಳಗಳ ಕೆಲಸ ಮಾಡುವ ಒಂದು ಚಿಕ್ಕ ಸಂಸ್ಥೆಯಲ್ಲಿ ನಾನು ಆಗ ಇದ್ದೆ. ಮನೆ ನಿಟ್ಟುವಳ್ಳಿಯಲ್ಲಿ. ಬೆಳಿಗ್ಗೆ ಸ್ಕೂಟರ್ ಹತ್ತಿ ಹರಿಹರ ದಾಟಿ ಹೋದರೆ ಸಂಜೆಗೆ ಮರಳುವುದು. ಊರಿನ ಹೆಸರು ಇಲ್ಲಿ ಬೇಡ. ಹರಿಹರ ತಾಲ್ಲೂಕಿನದೇ ಆದರೂ ನಾಲೆಯ ನೀರು ಹತ್ತದಷ್ಟು ಎತ್ತರದಲ್ಲಿರುವ ಊರು ಅದು. ಭಾನುವಳ್ಳಿ ಕಡೆ ಭತ್ತದ ಗದ್ದೆ ಹಸಿರಾಗಿರುವಾಗ ಇಲ್ಲಿನ ಮೆಕ್ಕೆಜೋಳ ಮೋಡ ನೋಡುತ್ತಿರುತ್ತದೆ. ಇರುವ ಒಂದು ಕೆರೆ ತುಂಬಿದರೆ ಸುತ್ತಲ ಬೋರ್‌ವೆಲ್‌ಗಳಲ್ಲಿ ನೀರು, ಇಲ್ಲವಾದರೆ ಇಲ್ಲ. ಆ ಕೆರೆಗೆ ನೀರು ತರುವ ಹಳ್ಳದ ಬಾಯಲ್ಲೇ ಜಾಲಿ ಹೆಣೆದುಕೊಂಡಿತ್ತು. ಮಳೆ ನೀರು ಅಲ್ಲಿಗೆ ಬಂದು, ಕಸ ಕಡ್ಡಿ ಹೂಳು ಕಟ್ಟಿಕೊಂಡು, ಪಕ್ಕದ ಹೊಲಗಳಿಗೆ ನುಗ್ಗಿ ಹೋಗುತ್ತಿತ್ತು.

ನಷ್ಟ ಅಷ್ಟಕ್ಕೇ ನಿಂತಿರಲಿಲ್ಲ. ಪೊದೆಯೊಳಗೆ ಕಾಡುಹಂದಿಗಳು ಮನೆ ಮಾಡಿದ್ದವು. ಏರಿಯ ಕೆಳಗೆ ಮೆಕ್ಕೆಜೋಳದ ಹೊಲವಿದ್ದ ರೈತರೊಬ್ಬರು ತೆನೆ ಹಾಲುಗಟ್ಟುವ ಕಾಲದಲ್ಲಿ ಮನೆಯಲ್ಲಿ ಮಲಗಿ ಎಷ್ಟೋ ವರ್ಷಗಳಾಗಿದ್ದವು. ಅವರ ಹಸುವೊಂದು ಜಾಲಿಯ ಸಿಹಿ ಕಾಯಿ ತಿಂದು ತಿಂದು ದವಡೆ ವಾರೆಯಾಗಿ, ಮೆಲುಕು ಹಾಕಲಾಗದೆ ಸೊರಗಿತ್ತು. ಅವರು ಅದರ ಮುಖ ಹಿಡಿದು ನನಗೆ ತೋರಿಸುತ್ತ, "ಬಾಯಿ ಇಲ್ಲದ್ದಕ್ಕೆ ಬಾಯಿನೇ ಹೋಯ್ತು ನೋಡ್ರಿ" ಎಂದಿದ್ದರು.

ಈ ಗಿಡದ ಜೀವ ಇರುವುದು ನೆಲದಿಂದ ಗೇಣುದ್ದ ಕೆಳಗಿನವರೆಗೆ. ಕಾಂಡ ಮುಗಿದು ಬೇರು ಶುರುವಾಗುವ ಕಡೆ ಒಂದು ಗಂಟು ಇರುತ್ತದೆ. ಮತ್ತೆ ಚಿಗುರುವ ಕಣ್ಣುಗಳೆಲ್ಲ ಅದರಲ್ಲೇ. ಗಂಟಿನ ಕೆಳಗೆ ಕಡಿದು ತೆಗೆದರೆ ಆಳದ ಬೇರು ಅಲ್ಲೇ ಕೊಳೆಯುತ್ತದೆ. ಮೇಲೆ ಕಡಿದರೆ ಗಿಡಕ್ಕೆ ಗೊಬ್ಬರ ಕೊಟ್ಟ ಹಾಗೆ. ಕಡಿದ ಬುಡಕ್ಕೆ ಔಷಧ ಬಳಿಯುವ ಕ್ರಮವೂ ಇದೆ. ಆದರೆ ಅಲ್ಲಿ ನಿಲ್ಲುವ ನೀರನ್ನೇ ದನ ಕುರಿ ಕುಡಿಯುವುದು. ಊರವರು ಬೇಡ ಎಂದರು, ನನಗೂ ಮನಸ್ಸಿರಲಿಲ್ಲ. ಹೀಗಾಗಿ ಉಳಿದದ್ದು ಕೈಕೆಲಸ. ಬುಡದ ಸುತ್ತ ಅಗೆಯುವುದು, ಗಂಟು ಕಾಣುವವರೆಗೆ ಮಣ್ಣು ಬಿಡಿಸುವುದು, ಅದರ ಕೆಳಗೆ ಕೊಡಲಿ ಹಾಕುವುದು. ಅದೂ ಕಾಯಿ ಮಾಗುವ ಮೊದಲು ಮುಗಿಯಬೇಕು. ಒಮ್ಮೆ ಕಾಯಿ ಉದುರಿ ಕುರಿಗಳ ಹೊಟ್ಟೆ ಸೇರಿದರೆ ಬೀಜ ಊರೆಲ್ಲ ಸುತ್ತುತ್ತದೆ.

ಮುಳ್ಳಿನ ಕೆಲಸಕ್ಕೆ ಊರಿನಲ್ಲಿ ಯಾರೂ ಬರಲಿಲ್ಲ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುವ ಹಿರಿಯರೊಬ್ಬರು ಜಾಲಿ ಕಟ್ಟಿಗೆ ಕೊಳ್ಳುತ್ತಾರೆ ಎಂದು ಕೇಳಿ ಅವರ ಬಳಿ ಹೋದೆ. ಎಲ್ಲರೂ ಅವರನ್ನು ಭಟ್ಟಿ ಸಾಹೇಬರು ಎನ್ನುತ್ತಿದ್ದರು. ಅವರು ತಮಗೆ ಕಟ್ಟಿಗೆ ಹಾಕುವ ಒಂದು ತಂಡವನ್ನು ತೋರಿಸಿದರು. ಮೂರು ಮನೆಯ ಗಂಡಸರು ಹೆಂಗಸರು ಸೇರಿದ ತಂಡ. ಊರ ಹೊರಗಿನ ಜಾಲಿ ಕಡಿದು, ದಪ್ಪ ಕಟ್ಟಿಗೆಯನ್ನು ಭಟ್ಟಿಗೆ ಹಾಕಿ, ಉಳಿದದ್ದರಲ್ಲಿ ಇದ್ದಿಲು ಸುಟ್ಟು ಬದುಕುವವರು. ಅವರಿಗೆಲ್ಲ ಒಬ್ಬ ಹೆಂಗಸೇ ಮೇಸ್ತ್ರಿ. ಐವತ್ತು ದಾಟಿದವರು, ಎತ್ತರದ ಆಳು. ಮುಂಗೈ ತುಂಬ ಗೀರಿನ ಕಲೆಗಳು. ಎಲ್ಲರೂ ಮೇಸ್ತ್ರಮ್ಮ ಎಂದೇ ಕರೆಯುತ್ತಿದ್ದರು.

"ಕಟ್ಟಿಗೆ ಪೂರ್ತಿ ನಿಮ್ಮದೇ. ಬುಡ ತೆಗೆದದ್ದಕ್ಕೆ ಕೂಲಿ ಬೇರೆ ಕೊಡ್ತೀವಿ" ಎಂದೆ.

"ಬುಡಾನೂ ತೆಗೀಬೇಕೇನ್ರಿ ಮೇಡಮ್ಮಾರೆ?"

"ಅದೇ ಮುಖ್ಯ."

ಅವರು ತಮ್ಮ ಮಗನ ಮುಖ ನೋಡಿದರು, ಸೊಸೆಯ ಮುಖ ನೋಡಿದರು. "ಆತ್ರಿ" ಎಂದರು.

ಸಂಕ್ರಾಂತಿ ಕಳೆದ ಮೇಲೆ ಕೆಲಸ ಶುರುವಾಯಿತು. ಮೊದಲು ಒಬ್ಬರು ಉದ್ದ ಕೋಲಿನ ಕುಡುಗೋಲಿನಿಂದ ಹೊರಗಿನ ರೆಂಬೆಗಳನ್ನು ಎಳೆದು ಕತ್ತರಿಸಿ ಬುಡಕ್ಕೆ ದಾರಿ ಮಾಡಬೇಕು. ಮುಳ್ಳಿನ ರೆಂಬೆಗಳನ್ನು ಕೈಯಲ್ಲಿ ಮುಟ್ಟುವುದಿಲ್ಲ, ಕವೆಗೋಲಿನಿಂದ ಒತ್ತಿ ದೂಡಿ ಒಂದರ ಮೇಲೊಂದು ಕೂರಿಸುತ್ತಾರೆ. ಅದನ್ನು ಊರವರು ಬೇಲಿಗೆ ಒಯ್ಯುತ್ತಿದ್ದರು. ಆಮೇಲೆ ಕಾಂಡ ಕಡಿದು ತುಂಡು ಮಾಡುವುದು. ಕೊನೆಗೆ ಇಬ್ಬರು ಹಾರೆ, ಗುದ್ದಲಿ ಹಿಡಿದು ಬುಡಕ್ಕೆ ಇಳಿಯುವುದು. ಹಳೆಯ ಟೈರಿನ ಚಪ್ಪಲಿ, ಮೊಣಕಾಲಿಗೆ ಸುತ್ತಿದ ಗೋಣಿಚೀಲ. ನಾನು ಕೈಗವಸು ತಂದುಕೊಟ್ಟೆ. ಎರಡು ದಿನ ಹಾಕಿ ನೋಡಿ, "ಕೊಡ್ಲಿ ಜಾರ್ತೈತ್ರಿ" ಎಂದು ಬದಿಗಿಟ್ಟರು.

ಮೊದಮೊದಲು ನಾನು ಪ್ರತಿಯೊಂದು ಗುಂಡಿಯನ್ನೂ ಬಗ್ಗಿ ನೋಡುತ್ತಿದ್ದೆ. ಗಂಟು ಸರಿಯಾಗಿ ಬರುತ್ತಿತ್ತು. ಅಷ್ಟರಲ್ಲಿ ಮಲೆಬೆನ್ನೂರಿನ ಕಡೆ ನಮ್ಮ ಸಂಸ್ಥೆಯ ಇನ್ನೊಂದು ಕೆಲಸಕ್ಕೆ ಆಳು ಸಾಲದೆ ನನ್ನನ್ನು ಅಲ್ಲಿಗೆ ಕಳಿಸಿದರು. ಕೆಲವು ವಾರ ಈ ಕಡೆ ತಲೆ ಹಾಕಲಾಗಲಿಲ್ಲ. ಫೋನಿನಲ್ಲಿ ಕೇಳಿದಾಗಲೆಲ್ಲ ಮೇಸ್ತ್ರಮ್ಮ, "ನಡದೈತ್ರಿ" ಎನ್ನುತ್ತಿದ್ದರು. ಅಧ್ಯಕ್ಷರೂ, "ಜೋರು ನಡದೈತೆ, ಹೋದ ವಾರಕ್ಕಿಂತ ಡಬಲ್ ಆಗೈತೆ" ಎಂದರು. ಡಬಲ್ ಯಾಕಾಯಿತು ಎಂದು ನಾನು ಕೇಳಲಿಲ್ಲ.

ಆ ನಡುವೆ ಅಕಾಲದ ಒಂದು ಮಳೆ ಬಿತ್ತು. ಮರಳಿ ಬಂದವಳು ಸ್ಕೂಟರ್ ನಿಲ್ಲಿಸಿ ಅಂಗಳಕ್ಕಿಳಿದೆ. ದೂರದಿಂದ ಬರಿ ಮಣ್ಣು ಕಂಡ ಜಾಗದಲ್ಲಿ ಹತ್ತಿರ ಹೋದಂತೆ ಅಲ್ಲಲ್ಲಿ ತಿಳಿಹಸಿರು ಮೊನೆಗಳು. ಒಂದು ಕಡೆ ಕುಳಿತು ಬೆರಳಿನಿಂದ ಮಣ್ಣು ಕೆದರಿದೆ. ಕೆಳಗೆ ಬುಡ ಹಾಗೇ ಇತ್ತು. ನೆಲದ ಮಟ್ಟಕ್ಕೆ ನೀಟಾಗಿ ಕಡಿದು, ಮೇಲೆ ಮಣ್ಣು ಎಳೆದು ತಟ್ಟಿದ್ದರು. ಇನ್ನೊಂದು ಕೆದರಿದೆ, ಮತ್ತೊಂದು. ನಾನು ಹೋದ ಮೇಲಿನ ಕೆಲಸವೆಲ್ಲ ಹಾಗೆಯೇ.

ಆಯಾಸಕ್ಕೆ ಕೈಬಿಟ್ಟ ಕೆಲಸವಾಗಿದ್ದರೆ ಅಲ್ಲೊಂದು ಇಲ್ಲೊಂದು ಗಂಟು ಉಳಿಯುತ್ತಿತ್ತು. ಇದು ಹಾಗಿರಲಿಲ್ಲ. ಸಿಟ್ಟು ಬಂತು. ತಂಡ ಹುಣಸೆ ಮರದ ಕೆಳಗೆ ಊಟಕ್ಕೆ ಕುಳಿತಿತ್ತು. ಹೋಗಿ, "ಮೇಸ್ತ್ರಮ್ಮ, ಸ್ವಲ್ಪ ಬರ್ರಿ" ಎಂದೆ. ಬಂದರು. ಕೆದರಿದ ಬುಡ ತೋರಿಸಿದೆ. ಅವರು ನಟಿಸಲಿಲ್ಲ, ಬೇರೆಯವರ ಮೇಲೆ ಹಾಕಲೂ ಇಲ್ಲ.

"ಹೌದ್ರಿ. ನಾನೇ ಹಂಗ ಕಡಿಸಿದ್ದು."

"ಯಾಕೆ?"

"ಬುಡ ತೆಗೆದ್ರೆ ಮುಂದ ನಾವೇನು ಕಡೀಬೇಕ್ರಿ?"

ಅವರೇ ಮುಂದುವರಿಸಿದರು. ಧ್ವನಿ ಏರಲಿಲ್ಲ. "ನಮಗ ಹೊಲ ಇಲ್ಲ. ನಮ್ಮವ್ವಗೂ ಇರ್ಲಿಲ್ಲ. ಯಾರ ಹೊಲಕ್ಕ ಹೋದ್ರೂ ನೀನ್ಯಾರು ಅಂತಾರೆ. ಈ ಗಿಡದ ಹತ್ರ ಹೋದ್ರೆ ಯಾರೂ ಕೇಳಲ್ಲ. ಕಡಿದ್ರೆ ಮತ್ತ ಬರ್ತೈತೆ, ಮತ್ತ ಕಡೀತೀವಿ. ನೀವು ಇದನ್ನ ಕಳೆ ಅಂತೀರಿ. ಅಂತೀರಲ್ಲ, ಅನ್ರಿ. ನನ್ನ ಎರಡು ಹೆಣ್ಮಕ್ಳ ಮದ್ವಿ ಇದರಾಗ ಆಗೈತೆ."

"ಆದರೆ ಬುಡ ತೆಗೀತೀವಿ ಅಂತ ಒಪ್ಕೊಂಡಿದ್ರಿ."

"ಒಪ್ಕೊಂಡಿದ್ದೆ" ಎಂದರು. "ಒಪ್ಕೊಳ್ದಿದ್ರೆ ಬ್ಯಾರೆಯೋರು ಬಂದು ತೆಗೀತಿದ್ರು."

ಸಿಟ್ಟು ಇಳಿಯಲಿಲ್ಲ, ಆದರೆ ಅದನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯದೆ ಹೋಯಿತು. ಆ ದಿನದ ಮಟ್ಟಿಗೆ ಕೆಲಸ ನಿಲ್ಲಿಸಲು ಹೇಳಿದೆ. ಸಂಜೆಯೊಳಗೆ ಸುದ್ದಿ ಅಧ್ಯಕ್ಷರಿಗೆ ಮುಟ್ಟಿತು. ಫೋನ್ ಮಾಡಿ, "ನಾ ಮೊದ್ಲೇ ಹೇಳಿದ್ದೆ ಮೇಡಂ. ಅವರನ್ನ ಕಳಿಸ್ರಿ. ಈ ಸಲ ದೊಡ್ಡ ಹಿಟಾಚಿ ತರ್ಸೋಣ, ಮಣ್ಣು ಸಮೇತ ಬಗೀಲಿ" ಎಂದರು. ಅದರಲ್ಲೂ ಅರ್ಥವಿತ್ತು. ದೊಡ್ಡ ಯಂತ್ರ ಗಂಟನ್ನೂ ಎತ್ತಬಲ್ಲದು. ಆದರೆ ಹಾಗೆ ಬಗೆದರೆ ಕೆರೆಯಂಗಳದಲ್ಲಿ ನೂರಾರು ಗುಂಡಿ. ನೀರು ಹಿಡಿಯುವ ಜಿಗಟು ಮಣ್ಣಿನ ಪದರ ಹರಿದುಹೋಗುತ್ತದೆ. ಬಂದ ನೀರು ಎಲ್ಲಿಗೆ ಇಂಗುತ್ತದೋ ಹೇಳಲಾಗದು. ಎರಡು ದಿನ ಕೊಡಿ ಎಂದೆ.

ಮರುದಿನ ಭಟ್ಟಿಗೆ ಹೋದೆ. ಅಷ್ಟು ಕಟ್ಟಿಗೆ ಹೋಗಿ ಏನಾಗುತ್ತದೆ ಎಂದು ಕಣ್ಣಾರೆ ನೋಡಬೇಕೆನಿಸಿತ್ತು. ತಗ್ಗು ಸೂರಿನ ಶೆಡ್ಡು. ಒಳಗೆ ಕಾಲಿಟ್ಟರೆ ಮುಖಕ್ಕೆ ಹಬೆ ಹೊಡೆಯುವಷ್ಟು ಕಾವು. ಒಲೆಯ ಮೇಲೆ ಮರಳು ಕಾದಿತ್ತು. ಉಪ್ಪುನೀರು ಹಿಡಿಸಿದ ಅಕ್ಕಿಯನ್ನು ಅದರ ಮೇಲೆ ಎರಚಿದ ಕೂಡಲೇ ಮಳೆ ಬಿದ್ದ ಹಾಗೆ ಸದ್ದಾಗಿ, ಬೆಳ್ಳಗೆ ಅರಳಿ ಮೇಲೆದ್ದಿತು. ಜರಡಿ ಹಿಡಿದವನು ಎತ್ತಿ, ಮರಳು ಉದುರಿಸಿ, ಗುಡ್ಡೆಗೆ ಸುರಿದ. ಒಲೆಯ ಬಾಯಲ್ಲಿ ಉರಿಯುತ್ತಿದ್ದದ್ದು ನಮ್ಮ ಕೆರೆಯ ಜಾಲಿ.

"ಕೂಡ್ರಿ ಬೇಟಿ" ಎಂದು ಭಟ್ಟಿ ಸಾಹೇಬರು ಹೊರಗೆ ಕುರ್ಚಿ ಹಾಕಿಸಿದರು. ಚಹಾ ಬಂತು. ನಡೆದದ್ದನ್ನು ಹೇಳಿದೆ. ಅವರು ತಲೆಯಲ್ಲಾಡಿಸಿದರು.

"ತಪ್ಪು ಮಾಡ್ಯಾಳೆ. ಮಾತು ಕೊಟ್ಟ ಮ್ಯಾಲೆ ಹಂಗ ಮಾಡಬಾರದಿತ್ತು. ಆದ್ರೆ ಆಯಮ್ಮನ ತಾಯಿ ನಮ್ಮ ಅಬ್ಬಾನ ಕಾಲಕ್ಕ ತಲಿ ಮ್ಯಾಲೆ ಲಕ್ಡಿ ಹೊತ್ತು ತರ್ತಿದ್ಲು. ತೂಕದಾಗ ಒಂದು ದಿನ ಮೋಸ ಇಲ್ಲ." ಚಹಾದ ಲೋಟ ಕೆಳಗಿಟ್ಟು ಕೇಳಿದರು: "ನಾನೂ ವಿಚಾರ ಮಾಡ್ತಿದ್ದೆ. ಈ ವರ್ಷ ಇಷ್ಟೊಂದು ಲಕ್ಡಿ ಬರ್ತೈತೆ, ಇಡಾಕ ಜಾಗ ಇಲ್ಲ. ಎಲ್ಲಾ ಕಡೆ ನೀವು ಹಿಂಗ ತೆಗೆದ್ರೆ ಮುಂದಿನ ವರ್ಷ ನಾ ಎಲ್ಲಿಂದ ತರ್ಲಿ? ಆಕಿ ಎಲ್ಲಿಂದ ಕೊಡ್ತಾಳೆ?"

ನನ್ನ ಯೋಜನೆಯಲ್ಲಿ ಮಣ್ಣು, ನೀರು, ಹಂದಿ, ಹಸು ಎಲ್ಲವೂ ಇದ್ದವು. ಕಡಿಯುವವರು ಬರಿಯ ಕೈಗಳಾಗಿ ಇದ್ದರು. ಜಾಲಿ ಹೋದ ಮೇಲೆ ಆ ಕೈಗಳು ಏನು ಮಾಡುತ್ತವೆ ಎಂಬ ಪ್ರಶ್ನೆಯನ್ನು ಸಂಸ್ಥೆಯಲ್ಲಿ ಯಾರೂ ಎತ್ತಿರಲಿಲ್ಲ.

ಅಲ್ಲಿಂದ ನೇರ ಊರಿಗೆ ಹೋಗಿ ಕೆರೆಯ ಮೇಲ್ಭಾಗದ ಗೋಮಾಳ ಸುತ್ತಿದೆ. ಅಲ್ಲಿಯೂ ಜಾಲಿಯೇ. ಕೆರೆಗೆ ಬೀಜ ಬರುತ್ತಿದ್ದದ್ದು ಅಲ್ಲಿಂದಲೇ: ಅರ್ಧ ಹಳ್ಳದ ನೀರಿನಲ್ಲಿ, ಅರ್ಧ ಕುರಿಗಳ ಹೊಟ್ಟೆಯಲ್ಲಿ. ಅದನ್ನೂ ಬುಡಸಮೇತ ತೆಗೆಯುವಷ್ಟು ಶಕ್ತಿ ನಮಗಿರಲಿಲ್ಲ. ಹಾಗೇ ಬಿಟ್ಟರೆ ಕೆಳಗೆ ಎಷ್ಟು ಕಿತ್ತರೂ ವ್ಯರ್ಥ. ಒಂದು ಗಿಡದ ಚಿಗುರು ಬಗ್ಗಿಸಿ ನೋಡುತ್ತ ನಿಂತಿದ್ದಾಗ ಒಂದು ಲೆಕ್ಕ ಹೊಳೆಯಿತು. ಕಡಿದ ಬುಡದಿಂದ ಎದ್ದ ಕವಲು ಒಲೆಗೆ ಸಾಕಾಗುವಷ್ಟು ದಪ್ಪವಾಗುವುದಕ್ಕೂ ತುಂಬ ಕಾಯಿ ಬಿಡುವುದಕ್ಕೂ ನಡುವೆ ಸ್ವಲ್ಪ ಕಾಲ ಇರುತ್ತದೆ. ಆ ಕಾಲದಲ್ಲಿ ಸರಿಯಾಗಿ ಕಡಿಯುತ್ತ ಹೋದರೆ ಕಟ್ಟಿಗೆ ಸಿಗುತ್ತದೆ, ಬೀಜ ಹುಟ್ಟುವುದಿಲ್ಲ. ಅದನ್ನು ತಪ್ಪದೆ ಮಾಡುವವರು ಬೇಕು. ಅದರ ಮೇಲೆಯೇ ಬದುಕುವವರಾದರೆ ತಪ್ಪಿಸುವುದಿಲ್ಲ.

ಆ ಲೆಕ್ಕದ ಮೇಲೆ ಹೊಸ ಯೋಜನೆ ಹಾಕಿದೆ. ಕೆರೆಯಂಗಳ, ಹಳ್ಳ ಎರಡರಲ್ಲೂ ಒಂದು ಬುಡವೂ ಉಳಿಯಬಾರದು. ಗೋಮಾಳವನ್ನು ಪಟ್ಟಿಗಳಾಗಿ ಭಾಗ ಮಾಡಿ, ಕಾಯಿಗೆ ಬರುವ ಮೊದಲು ಸರದಿಯಂತೆ ಕಡಿಯುವ ಹಕ್ಕನ್ನು ತಂಡಕ್ಕೇ ಕೊಡಬೇಕು. ನಡುವಿನ ಪಟ್ಟಿಗಳಲ್ಲಿ ಹೊಂಗೆ, ಬೇವು, ನಮ್ಮ ನಾಡಿನದೇ ಆದ ಕರಿಜಾಲಿ ನೆಡಬೇಕು. ಅವು ಬೆಳೆದಂತೆಲ್ಲ ಪಕ್ಕದ ಬಳ್ಳಾರಿ ಜಾಲಿಯ ಬುಡ ತೆಗೆಯುತ್ತ ಹೋಗಬೇಕು. ಇದಕ್ಕೆ ಪ್ರತಿಯಾಗಿ ತಂಡದವರು ಪ್ರತಿ ಮಳೆಗಾಲ ಕೆರೆಯಂಗಳಕ್ಕೆ ಬಂದು ಹೊಸ ಸಸಿ ಕೀಳಬೇಕು. ಇಷ್ಟನ್ನು ಸಂಸ್ಥೆಯಲ್ಲಿ ನನ್ನ ಮೇಲಿನವರಿಗೆ ಫೋನಿನಲ್ಲಿ ಹೇಳಿದಾಗ ಅವರು, "ಕಳೆಗೇ ಜಾಗ ಮೀಸಲಿಡೋದಾ? ಒಂದು ಸಲ ಅದರಿಂದ ಆದಾಯ ಬಂದರೆ ಯಾರೂ ಅದನ್ನ ಹೋಗೋಕೆ ಬಿಡಲ್ಲ" ಎಂದರು. ಆ ಭಯ ನನಗೂ ಇತ್ತು, ಇವತ್ತಿಗೂ ಪೂರ್ತಿ ಹೋಗಿಲ್ಲ. ಆದರೆ ಬೇರೆ ದಾರಿ ಇದ್ದರೆ ಹೇಳಿ ಎಂದೆ. ಕಡೆಗೆ, "ಊರವರು ಒಪ್ಪಿದರೆ ಮಾಡು" ಎಂದರು.

ಸಭೆ ಏರಿಯ ಮೇಲಿನ ಅರಳಿಕಟ್ಟೆಯಲ್ಲಿ ಸೇರಿತು. ಮೇಸ್ತ್ರಮ್ಮನನ್ನೂ ಬರಹೇಳಿದ್ದೆ. ಕಟ್ಟೆಯ ಮೇಲೆ ಕೂರದೆ ಪಕ್ಕದಲ್ಲಿ ನಿಂತಿದ್ದರು. ನಾನು ಹೇಳಿ ಮುಗಿಸುವ ಮೊದಲೇ, ಹಸುವಿನ ದವಡೆ ತೋರಿಸಿದ್ದ ಆ ಮೆಕ್ಕೆಜೋಳದ ರೈತರು ಎದ್ದರು.

"ಮೋಸ ಮಾಡಿದೋರಿಗೆ ಗೋಮಾಳ ಇನಾಮೇನ್ರಿ? ಹಂದಿ ಎಲ್ಲಿಗೆ ಹೋಗ್ತಾವೆ? ಕೆರ್ಯಾಗಿಂದ ಎದ್ದು ಗೋಮಾಳಕ್ಕ ಹೋಗ್ತಾವೆ, ಅಲ್ಲಿಂದ ನಮ್ಮ ಹೊಲಕ್ಕೇ ಬರ್ತಾವೆ."

ಅವರ ಮಾತು ನ್ಯಾಯವಾಗಿತ್ತು. ನಾನು ಪಟ್ಟಿಗಳ ಬಗ್ಗೆ ವಿವರಿಸಲು ಹೊರಟೆ. ಅಷ್ಟರಲ್ಲಿ ಮೇಸ್ತ್ರಮ್ಮ ಅವರ ಕಡೆಗೇ ತಿರುಗಿ, "ಅಣ್ಣಾರೆ, ಒಂದು ಮಾತು. ಹಂದಿ ಕೂಡ್ರೋದು ಒತ್ತಾದ ಪೊದಿಯಾಗ. ಸಾಲು ಸಾಲು ಕಡಿದ್ರೆ ಗಾಳಿ ಬೆಳಕು ಆಡ್ತೈತೆ, ಅಲ್ಲಿ ಮರಿ ಹಾಕಲ್ಲ. ನಿಮ್ಮ ಹೊಲದ ಕಡೆಯಿಂದಾನ ಮೊದ್ಲು ಕಡೀತೀವಿ" ಎಂದರು. ಆಮೇಲೆ, "ಮೋಸ ಅಂದ್ರಿ. ಹೌದು. ಮಣ್ಣು ಮುಚ್ಚಿದ್ದು ನಾನೇ, ತೆಗಿಯೋದೂ ನಾನೇ. ಅದಕ್ಕ ಕೂಲಿ ಬ್ಯಾಡ" ಎಂದರು.

ರೈತರು ಕೂತರು. ಒಪ್ಪಿದೆ ಎನ್ನಲಿಲ್ಲ. "ನೋಡೋಣ" ಎಂದರು. ಆ ಕಟ್ಟೆಯ ಮೇಲೆ ನೋಡೋಣ ಎಂದರೆ ಅರ್ಧ ಒಪ್ಪಿದ ಹಾಗೆ. ಅಧ್ಯಕ್ಷರು ಪಂಚಾಯಿತಿಯಲ್ಲಿ ಮಾತಾಡಿ ನಿರ್ಣಯ ಮಾಡಿಸುವ ಹೊಣೆ ಹೊತ್ತರು. ಕೂಲಿಯನ್ನು ಮಾತ್ರ ಕೊಡಲೇಬೇಕೆಂದು ನಾನು ಹಟ ಹಿಡಿದೆ. ಹೊಸ ಒಪ್ಪಂದ ಬಿಟ್ಟಿ ದುಡಿತದಿಂದ ಶುರುವಾಗುವುದು ನನಗೆ ಬೇಡವಾಗಿತ್ತು.

ಮುಚ್ಚಿದ ಬುಡಗಳನ್ನು ಮತ್ತೆ ತೆಗೆಯುವುದು ಮೊದಲಿಗಿಂತ ಕಷ್ಟದ ಕೆಲಸ. ಕಾಂಡ ಇದ್ದಾಗ ಅದನ್ನೇ ಹಿಡಿದು ಅಲ್ಲಾಡಿಸಿ ಸಡಿಲ ಮಾಡಬಹುದಿತ್ತು. ಈಗ ಹಿಡಿಯಲು ಏನೂ ಇಲ್ಲ. ಎಲ್ಲಿವೆ ಎಂದೂ ತಿಳಿಯದು. ಚಿಗುರು ಕಂಡಲ್ಲಿ ಸುಣ್ಣದ ಗುರುತು ಹಾಕುತ್ತ ನಾನು ಮುಂದೆ ಹೋಗುವುದು, ಹಾರೆ ಹಿಡಿದವರು ಹಿಂದೆ ಬರುವುದು. ಮೇಸ್ತ್ರಮ್ಮ ಯಾರನ್ನೂ ಕಾಯದೆ ಬೆಳಕು ಹರಿಯುವಾಗಲೇ ಇಳಿದುಬಿಡುತ್ತಿದ್ದರು. ಹಾಗೆ ಒಂದು ಬುಡದ ಪಕ್ಕ ಮಂಡಿಯೂರಿದಾಗ, ಮಣ್ಣಿನಲ್ಲಿ ಹುದುಗಿದ್ದ ಒಣ ಮುಳ್ಳೊಂದು ಗೋಣಿಯನ್ನೂ ದಾಟಿ ಮೊಣಕಾಲಿಗೆ ಇಳಿಯಿತು. ಎಳೆದು ತೆಗೆದರು, ಮೊನೆ ಒಳಗೇ ಮುರಿದಿತ್ತು.

ನನಗೆ ಗೊತ್ತಾಗಿದ್ದು ಕೆಲವು ದಿನ ಕಳೆದ ಮೇಲೆ, ಕಾಲೆಳೆಯುತ್ತ ನಡೆಯುವುದು ಕಂಡಾಗ. ಸೀರೆ ಸರಿಸಿ ತೋರಿಸಿ ಎಂದರೆ, "ಮುಳ್ಳು ನಮಗೇನು ಹೊಸದೇನ್ರಿ, ಅರಿಶಿಣ ಹಚ್ಚೀನಿ" ಎಂದರು. ಸೊಸೆ ಹಿಂದಿನಿಂದ ನನಗೆ ಸನ್ನೆ ಮಾಡಿದಳು. ಮೊಣಕಾಲು ಊದಿ ಕೆಂಪಾಗಿತ್ತು, ಮುಟ್ಟಿದರೆ ಸುಡುತ್ತಿತ್ತು. ಬೈದು ಸ್ಕೂಟರ್ ಹಿಂದೆ ಕೂರಿಸಿಕೊಂಡು ದಾವಣಗೆರೆಯ ಆಸ್ಪತ್ರೆಗೆ ಕರೆದೊಯ್ದೆ. ದಾರಿಯುದ್ದಕ್ಕೂ ನನ್ನ ಭುಜ ಹಿಡಿದಿದ್ದ ಕೈ ಪ್ರತಿ ಗುಂಡಿಗೂ ಬಿಗಿಯಾಗುತ್ತಿತ್ತು.

ಎಕ್ಸ್‌ರೇಯಲ್ಲಿ ಮುಳ್ಳು ಕಾಣಲಿಲ್ಲ, ಸ್ಕ್ಯಾನ್ ಮಾಡಿದಾಗ ಕೀಲಿನೊಳಗೆ ಕಂಡಿತು. ಕೊಯ್ದು ತೆಗೆದು, ಕೀವು ತೊಳೆದರು. ಇನ್ನೂ ತಡ ಮಾಡಿದ್ದರೆ ಕೀಲೇ ಹಾಳಾಗುತ್ತಿತ್ತು ಎಂದರು ಡಾಕ್ಟರು. ಇನ್ನು ಮುಂದೆ ಕಾಲು ಪೂರ್ತಿ ಮಡಚುವುದು ಕಷ್ಟ, ಮಂಡಿಯೂರುವ ಕೆಲಸ ಬಿಡಬೇಕು ಎಂದೂ ಹೇಳಿದರು. ಭಟ್ಟಿ ಸಾಹೇಬರು ನೋಡಲು ಬಂದರು, ಒಂದು ಚೀಲ ಮಂಡಕ್ಕಿ ಹಿಡಿದುಕೊಂಡು. ವಾರ್ಡಿನವರೆಲ್ಲ ತಿಂದರು. ಅವರು ಹೋದ ಮೇಲೆ ಮೇಸ್ತ್ರಮ್ಮ ಸೂರು ನೋಡುತ್ತ, "ಬುಡ ಎಷ್ಟು ಉಳದಾವ್ರಿ?" ಎಂದು ಕೇಳಿದರು.

ನಿಜ ಹೇಳಿದೆ. ಅಂಗಳದ್ದು ಸ್ವಲ್ಪವೇ ಉಳಿದಿತ್ತು. ಹಳ್ಳದ ಬಾಯಿಯ ಕೆಲಸ ಶುರುವೇ ಆಗಿರಲಿಲ್ಲ. ಮುಂಗಾರಿಗೆ ಹೆಚ್ಚು ದಿನ ಇರಲಿಲ್ಲ.

ಮರುದಿನ ಬೆಳಿಗ್ಗೆ ಹಳ್ಳಕ್ಕೆ ಹೋದಾಗ ಮೇಸ್ತ್ರಮ್ಮನ ಮಗ, ಸೊಸೆ ಅಗೆಯುತ್ತಿದ್ದರು. ಅವರ ಜೊತೆ ಅದೇ ಮೆಕ್ಕೆಜೋಳದ ರೈತರು ತಮ್ಮ ಹಾರೆ ತಂದು ಇಳಿದಿದ್ದರು. ನನ್ನನ್ನು ಕಂಡು, "ಹಂಗಂತ ನಾ ಒಪ್ಪೀನಿ ಅನ್ಕೋಬ್ಯಾಡ್ರಿ" ಎಂದರು. "ಆಯಮ್ಮ ಹೆಂಗದಾಳೆ?" ಎಂದು ಆಮೇಲೆ ಕೇಳಿದರು. ಅವರ ಹಿಂದೆ ಇನ್ನೂ ಕೆಲವರು ಬಂದರು. ಬಹಳ ಜನವೇನಲ್ಲ. ಉಳಿದವರು ಏರಿಯ ಮೇಲೆ ನಿಂತು ಸಲಹೆ ಕೊಟ್ಟರು. ಅಧ್ಯಕ್ಷರು ಟ್ರ್ಯಾಕ್ಟರ್ ಕಳಿಸಿದರು. ಗಂಟಿನ ಸುತ್ತ ಮಣ್ಣು ಬಿಡಿಸಿ, ಸರಪಳಿ ಕಟ್ಟಿ, ಟ್ರ್ಯಾಕ್ಟರಿನಿಂದ ಎಳೆಸುವುದನ್ನು ಅಲ್ಲೇ ಕಲಿತೆವು. ಹಳ್ಳದ ಮಣ್ಣು ಮರಳುಮರಳಾಗಿ ಸಡಿಲವಿದ್ದುದರಿಂದ ಅದು ಸಾಧ್ಯವಾಯಿತು.

ಆದರೂ ಪೂರ್ತಿ ಮುಗಿಯಲಿಲ್ಲ. ಹಳ್ಳದ ಮೇಲಿನ ತಿರುವಿನಲ್ಲಿ ಒಂದು ಹೆಣಿಗೆ ಉಳಿದಿರುವಾಗಲೇ ಮಳೆ ಹಿಡಿಯಿತು. ಮೊದಲ ದೊಡ್ಡ ಮಳೆಯ ಮಾರನೆಯ ದಿನ ಹೋದಾಗ ಆ ತಿರುವಿನಲ್ಲಿ ಅರ್ಧ ನೀರು ಹಳೆಯ ಚಾಳಿಯಂತೆ ಹೊಲಕ್ಕೆ ನುಗ್ಗಿತ್ತು. ಇನ್ನರ್ಧ ಕೆರೆಗೆ ಬಂದಿತ್ತು. ಕಂದು ಬಣ್ಣದ ನೀರು ತೂಬಿನ ಬುಡ ಮುಟ್ಟಿ ನಿಂತಿತ್ತು. ಕೋಡಿಗೆ ಬಹಳ ದೂರ. ಆದರೂ ಊರ ಹೆಂಗಸರು ಬಂದು ನೋಡಿ ಹೋದರು. ಆ ವರ್ಷ ಏರಿಯ ಕೆಳಗಿನ ಕೆಲವು ಬೋರ್‌ವೆಲ್‌ಗಳಲ್ಲಿ ಬೇಸಿಗೆಯವರೆಗೂ ನೀರು ನಿಂತಿತು, ಕೆಲವಲ್ಲಿ ನಿಲ್ಲಲಿಲ್ಲ.

ಮರುವರ್ಷ ತಿರುವಿನ ಹೆಣಿಗೆ ತೆಗೆದೆವು. ಗೋಮಾಳದಲ್ಲಿ ಮೊದಲ ಪಟ್ಟಿಗಳು ಬಿದ್ದವು, ರೈತರ ಹೊಲದ ಕಡೆಯಿಂದಲೇ. ಹಂದಿ ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ ಎಂದು ಅವರೇ ಒಪ್ಪಿಕೊಂಡರು. ನೆಟ್ಟ ಹೊಂಗೆಯಲ್ಲಿ ಅರ್ಧಕ್ಕರ್ಧ ಕುರಿಗಳ ಪಾಲಾಯಿತು. ಮತ್ತೆ ನೆಟ್ಟು, ಸುತ್ತ ಜಾಲಿ ಮುಳ್ಳಿನ ಬೇಲಿಯನ್ನೇ ಕಟ್ಟಿದೆವು. ನನ್ನ ಮೇಲಿನವರು ಹೇಳಿದ್ದ ಅಪಾಯ ನಿಜವಾಗುತ್ತದೋ ಇಲ್ಲವೋ ತಿಳಿಯಲು ಇನ್ನೂ ಹಲವು ವರ್ಷ ಬೇಕು.

ಆ ಸಂಸ್ಥೆ ಬಿಡುವ ಮುನ್ನ, ಮಳೆಗಾಲದ ನಡುವೆ ಕೊನೆಯ ಸಲ ಅಲ್ಲಿಗೆ ಹೋಗಿದ್ದೆ. ಸಸಿ ಕೀಳುವ ದಿನ. ನೆಲದಲ್ಲಿ ಹುದುಗಿದ್ದ ಹಳೆಯ ಬೀಜಗಳು ತೇವಕ್ಕೆ ಎದ್ದು, ನೀರಿನಂಚಿನುದ್ದಕ್ಕೂ ಹೊಸ ಜಾಲಿ ನಿಬಿಡವಾಗಿತ್ತು. ಒಣ ನೆಲದಲ್ಲಿ ಬಾರದ ಬೇರು ಹಸಿ ಮಣ್ಣಿನಲ್ಲಿ ಸಲೀಸಾಗಿ ಬರುತ್ತದೆ. ತಂಡದವರೆಲ್ಲ ಸಾಲಾಗಿ ಬಗ್ಗಿ ಕೀಳುತ್ತ ಹೋಗುತ್ತಿದ್ದರು. ಮೇಸ್ತ್ರಮ್ಮ ಬಗ್ಗಲಾರದೆ, ಮಡಚದ ಕಾಲನ್ನು ಮುಂದೆ ಚಾಚಿ ಕೆಸರಿನಲ್ಲೇ ಕೂತು, ಕೈಗೆ ಎಟುಕುವಷ್ಟನ್ನು ಕಿತ್ತು, ಹಾಗೇ ಸರಿಯುತ್ತ ಸಾಗುತ್ತಿದ್ದರು. ನಾನೂ ಪಕ್ಕದಲ್ಲಿ ಕೂತೆ.

ಒಂದು ಸಸಿಯ ಮುಂದೆ ಅವರ ಕೈ ನಿಂತಿತು. ಬೆರಳುದ್ದದ ಗಿಡ. ಗರಿಯಂಥ ಎಲೆ; ಮುಳ್ಳು ಮೂಡಿದ್ದರೂ ಇನ್ನೂ ಮೆತ್ತಗಿತ್ತು. ಹೆಬ್ಬೆರಳಿನಿಂದ ಅದನ್ನು ಮುಟ್ಟಿ ನೋಡಿದರು.

"ಇಷ್ಟು ಸಣ್ಣದಿದ್ದಾಗ ಎಷ್ಟು ಪಾಪದ್ದು ಕಾಣ್ತೈತೆ ನೋಡ್ರಿ" ಎಂದರು.

ಆಮೇಲೆ ಬುಡಕ್ಕೆ ಬೆರಳು ಹಾಕಿ ಮೆಲ್ಲಗೆ ಎಳೆದು, ಕೆಸರು ಝಾಡಿಸಿ, ಬೇರು ತುದಿಯವರೆಗೂ ಬಂದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದರು. ಬಂದಿತ್ತು. ಅದನ್ನು ಪಕ್ಕಕ್ಕಿಟ್ಟು ಮುಂದಿನದಕ್ಕೆ ಕೈ ಚಾಚಿದರು.